ಒಗೆಯಬಾರದ ಕೋಟು

ಯಾವ ಟೈಲರೂ ಗಿರಾಕಿಯ ಬಟ್ಟೆಯನ್ನು ಒಗೆದು ಕೊಡುವುದಿಲ್ಲ. ಹೊಲಿಯುತ್ತಾನೆ, ಬಿಚ್ಚುತ್ತಾನೆ, ಹೇಳಿದ ದಿನಕ್ಕೆ ಕೊಡದೆ ನಾಲ್ಕು ಸಲ ತಿರುಗಾಡಿಸುತ್ತಾನೆ. ಒಗೆಯುವುದು ಮಾತ್ರ ಅವನ ಕೆಲಸವಲ್ಲ. ಹಾಗಿದ್ದೂ ನಮ್ಮ ರೇಡಿಯೋ ಟೈಲರ್ ಒಂದು ಕೋಟನ್ನು ಒಗೆದ. ಅವನ ಗ್ರಹಚಾರ ಅನ್ನಿ, ನಲವತ್ತರ ಹೊಸ್ತಿಲಲ್ಲಿ ಹತ್ತಿದ ಹುಚ್ಚು ಅನ್ನಿ, ಒಗೆದದ್ದಂತೂ ನಿಜ.

ರೇಡಿಯೋ ಅನ್ನುವುದು ಬೀದಿಯವರು ಇಟ್ಟ ಅಡ್ಡಹೆಸರು. ಬೆಳಗ್ಗೆ ಅಂಗಡಿಯ ಬಾಗಿಲ ಜೊತೆ ತೆರೆದ ಬಾಯಿ, ಮುಚ್ಚುವುದು ಸಂಜೆ ಬಾಗಿಲ ಜೊತೆಗೇ. ಅಳತೆ ತೆಗೆಯುವಾಗಲೂ ಮಾತು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಾಗಲೂ ಮಾತು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನನ್ನ ಮಾತು ಮುಗಿಯೋವರೆಗೆ ಕಾಯೋಕೆ ಯಾವ ಹುಡುಗಿಗೂ ಪುರುಸೊತ್ತಿರಲಿಲ್ಲ" ಎಂದು ನಗುತ್ತಿದ್ದ. ಅಂಗಡಿಯ ಹಿಂದಿನ ಮನೆಯಲ್ಲಿ ಅಣ್ಣ, ಅತ್ತಿಗೆ ಇದ್ದರು. ಮಹಡಿಯ ಮೇಲಿನ ಒಂದು ಕೋಣೆ ಇವನದು.

ಅವಳು ಬಂದದ್ದು ಒಂದು ಸಂಜೆ. ಪಶು ಆಸ್ಪತ್ರೆಯ ನರ್ಸ್. ಊರ ಕೊನೆಯಲ್ಲಿ ಒಬ್ಬಳೇ ಇದ್ದುಕೊಂಡು, ತಾಯಿ ಸತ್ತ ಜಿಂಕೆಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತಾಳಂತೆ ಎಂದು ಅವನು ಕೇಳಿದ್ದ. ಎದುರಿಗೆ ನೋಡಿದ್ದು ಅದೇ ಮೊದಲು. ಒಂದು ದಪ್ಪನೆಯ ಕಂದು ಕೋಟನ್ನು ಮಿಷನ್ನಿನ ಮೇಲೆ ಹಾಕಿ, "ತೋಳು ಕಿತ್ತು ಬಂದಿದೆ. ಬೆಳಗ್ಗೆ ಹೊತ್ತು ಹುಟ್ಟೋ ಮುಂಚೆ ಬೇಕು" ಎಂದಳು.

"ಹೊತ್ತು ಹುಟ್ಟೋ ಮುಂಚೆನಾ? ಅಲ್ಲ ಮೇಡಂ, ನಾನೇನು ಮನುಷ್ಯನಾ ಇಲ್ಲಾ..." ಎನ್ನುತ್ತ ತಲೆಯೆತ್ತಿದವನು ಅಲ್ಲಿಗೇ ನಿಲ್ಲಿಸಿದ.

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಲ್ಲೇ ನಿದ್ದೆ ಹೋಗಿದ್ದಳು. ಕಣ್ಣ ಸುತ್ತ ಕಪ್ಪು, ಕೂದಲಲ್ಲಿ ಒಂದು ಹುಲ್ಲಿನ ಎಸಳು, ತುಟಿ ಸ್ವಲ್ಪವೇ ತೆರೆದಿತ್ತು. ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ. ಮಿಷನ್ ತುಳಿಯುವುದನ್ನೂ ನಿಲ್ಲಿಸಿ ಉಸಿರು ಹಿಡಿದು ಕೂತ. ಬಾಗಿಲು ತೆರೆದಿರುವಾಗ ಆ ಅಂಗಡಿ ಅಷ್ಟು ಮೌನವಾಗಿದ್ದದ್ದು ಅವನಿಗೆ ನೆನಪಿರಲಿಲ್ಲ.

ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ ಆಯಿತು. ಅವಳು ಬೆಚ್ಚಿ ಕಣ್ಣು ಬಿಟ್ಟಳು. "ಏನಂದ್ರಿ?"

"ಏನೂ ಅನ್ನಲಿಲ್ಲ."

"ಹೌದಾ? ನಿಮ್ಮನ್ನ ರೇಡಿಯೋ ಅಂತಾರೆ ಅಂತ ಕೇಳಿದ್ದೆ." ಅವಳ ತುಟಿಯ ಒಂದು ಅಂಚು ನಕ್ಕಿತೋ ಇಲ್ಲವೋ, ಅಷ್ಟರಲ್ಲಿ ತಿರುಗಿ ಹೋಗಿಯೂ ಆಗಿತ್ತು.

ಅಷ್ಟೇ ಸಾಕಾಯಿತು ಅವನಿಗೆ. ಊಟಕ್ಕೂ ಏಳದೆ ತೋಳು ಹೊಲಿದ. ಹೊಲಿಯುತ್ತ ನೋಡಿದರೆ ಕೋಟಿನ ತುಂಬ ಹುಳಿ ಹಾಲಿನ, ಉಚ್ಚೆಯ, ಒದ್ದೆ ಹುಲ್ಲಿನ ನಾತ. ಛೇ, ಅಷ್ಟು ಒಳ್ಳೆ ಹೆಂಗಸು ಇಂಥದ್ದನ್ನು ಹಾಕಿಕೊಳ್ಳುವುದೇ! ಹಿತ್ತಲಿಗೆ ಹೋಗಿ ಘಮಘಮ ಸೋಪಿನಪುಡಿ ಹಾಕಿ ನೆನೆಸಿದ, ಉಜ್ಜಿದ, ಹಿಂಡಿ ಮತ್ತೊಮ್ಮೆ ಒಗೆದ. ಒಣಗದ್ದಕ್ಕೆ ಇಸ್ತ್ರಿಪೆಟ್ಟಿಗೆ ಹಿಡಿದು ಕೂತ.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. "ಯಾರದಪ್ಪಾ ಮೈದುನ ಈ ಕೋಟು? ನಿನ್ನ ಅಂಗಿ ವಾರಗಟ್ಟಲೆ ಮೂಲೇಲಿ ಕೊಳೀತಿರುತ್ತೆ. ಇದಕ್ಕೆ ಮಾತ್ರ ಇಷ್ಟೊಂದು ಉಪಚಾರ?"

"ಗಿರಾಕಿದು ಅತ್ತಿಗೆ."

"ಹೂಂ. ಗಿರಾಕಿ ಹೆಂಗಸಿರಬೇಕು" ಎಂದು ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

ಬೆಳಗ್ಗೆ ಅವಳು ಬಂದಾಗ ಅವನು ಕೋಟನ್ನು ಮಡಿಸಿ ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಕಾಗದ ಬಿಚ್ಚಿದಳು. ಕೋಟನ್ನು ಮೂಗಿನ ಹತ್ತಿರ ತಂದಳು. ಅವಳ ಮುಖ ನೋಡುತ್ತಿದ್ದಂತೆಯೇ ಬಣ್ಣಗೆಟ್ಟಿತು.

"ಒಗೆದ್ರಾ?"

"ಎರಡು ಸಲ" ಎಂದ ಅವನು ಹೆಮ್ಮೆಯಿಂದ.

"ಅಯ್ಯೋ, ಎಂಥ ಕೆಲಸ ಮಾಡಿಬಿಟ್ರಿ!" ಎಂದವಳೇ ಕೋಟು ಎದೆಗವುಚಿಕೊಂಡು ಓಡಿದಳು. ಅವನಿಗೆ ತಲೆ ಬುಡ ಒಂದೂ ಅರ್ಥವಾಗಲಿಲ್ಲ. ಅಂಗಡಿಯನ್ನು ಹಾಗೇ ತೆರೆದಿಟ್ಟು, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಅವಳ ಹಿಂದೆ ಓಡಿದ.

ಊರ ಕೊನೆಯ ಆ ಮನೆಯ ಹಿತ್ತಲಲ್ಲಿ ತಗಡಿನ ಒಂದು ಶೆಡ್ಡು, ಅದರ ಆಚೆ ಹಳೇ ಮೀನುಬಲೆ ಕಟ್ಟಿದ ಬೇಲಿ. ಶೆಡ್ಡಿನ ಬಾಗಿಲಿಗೆ ಬಂದವನ ಬಾಯನ್ನು ಅವಳು ಅಂಗೈಯಿಂದ ಮುಚ್ಚಿದಳು. ಒಳಗೆ ಮಬ್ಬು ಬೆಳಕಿನಲ್ಲಿ ಮೂರು ಮರಿಗಳಿದ್ದವು. ಬೆನ್ನ ಮೇಲೆ ಬಿಳಿ ಚುಕ್ಕೆ, ಕಡ್ಡಿಯಂಥ ಕಾಲು. ಒಂದರ ತಾಯಿ ಲಾರಿಗೆ ಸಿಕ್ಕಿತ್ತು, ಇನ್ನೆರಡರ ತಾಯಿಯನ್ನು ನಾಯಿಗಳು ಹರಿದುಹಾಕಿದ್ದವು. ಅವಳು ಕೋಟು ತೊಟ್ಟು, ಅದರ ಟೋಪಿಯನ್ನು ಹಣೆಯ ಕೆಳಗೆ ಎಳೆದುಕೊಂಡು ಬಾಟಲಿ ಹಿಡಿದು ಒಳಗೆ ಹೋದಳು. ಮೂರೂ ಮುಂದೆ ಬಂದವು, ಮೂಸಿದವು, ಹಿಂದಕ್ಕೆ ಜಿಗಿದು ಗೋಡೆಗೆ ಅಂಟಿ ನಡುಗತೊಡಗಿದವು. ಮತ್ತೆ ಮತ್ತೆ ಕರೆದರೂ ಬಾಟಲಿಗೆ ಬಾಯಿ ಕೊಡಲಿಲ್ಲ.

ಹೊರಗೆ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ ಮೇಲೆಯೇ ಅವಳು ಮಾತಾಡಿದ್ದು. "ಅವಕ್ಕೆ ನಾನು ಗೊತ್ತಿಲ್ಲ. ಕೋಟು ಗೊತ್ತು. ಅದರ ವಾಸನೆಯೇ ಅವಕ್ಕೆ ತಾಯಿ. ಮರಿಗಳನ್ನ ಬಿಟ್ಟ ಮೇಲೆ ವರ್ಷಕ್ಕೆ ಒಂದೇ ಸಲ ಒಗೆಯೋದು ನಾನು. ಈಗ ನೋಡಿ, ತಾಯಿ ಎಲ್ಲೋ ಹೋಗಿ, ಸೋಪಿನ ವಾಸನೆಯವಳು ಯಾರೋ ಬಂದಿದ್ದಾಳೆ."

"ಇನ್ನೊಂದು ಕೋಟು..."

"ಇರೋದು ಇದೊಂದೇ. ಅಪ್ಪ ಲಾರಿ ಓಡಿಸುವಾಗ ಹಾಕ್ತಿದ್ದದ್ದು. ಇಲ್ಲಿ ಎಲ್ಲಾ ಒಂದೊಂದೇ ಇರೋದು. ಒಂದು ಬಲ್ಬು, ಒಂದು ಶೆಡ್ಡು, ಒಬ್ಬಳು ನಾನು." ಅವಳು ಮುಖ ಮುಚ್ಚಿಕೊಂಡಳು. "ಸಣ್ಣ ಮರಿಗೆ ಮೊದಲೇ ಭೇದಿ. ಒಂದು ಹೊತ್ತು ಹಾಲು ತಪ್ಪಿದ್ರೂ ಅದು ತಡೆಯಲ್ಲ."

ಅವನ ಎದೆ ಧಸಕ್ಕೆಂದಿತು. ಅಂದವಾಗಿ ಕಾಣಲಿ, ತನ್ನನ್ನು ನೆನಪಿಟ್ಟುಕೊಳ್ಳಲಿ ಎಂದು ಮಾಡಿದ್ದು! ಕೈ ಕೈ ಹಿಸುಕಿಕೊಳ್ಳುತ್ತ ಸುತ್ತ ನೋಡಿದ. ಮೂಲೆಯಲ್ಲಿ ಮರಿಗಳ ಕೆಳಗಿನಿಂದ ತೆಗೆದು ಎಸೆದಿದ್ದ ಹಳೇ ಬೆಡ್‌ಶೀಟ್ ಬಿದ್ದಿತ್ತು, ಒದ್ದೆಯಾಗಿ, ಗಬ್ಬು ನಾರುತ್ತ.

"ಅದು ಒಗೆದಿಲ್ಲ ತಾನೇ?"

"ಇಲ್ಲ. ಯಾಕೆ?"

ಅವನು ಅವಳಿಂದ ಸೂಜಿ, ದಾರ, ಕತ್ತರಿ ಕೇಳಿ ತೆಗೆದುಕೊಂಡ. ಕೋಟಿನ ಒಳಗಿನ ಅಸ್ತರನ್ನು ಸರಸರನೆ ಬಿಚ್ಚಿ ಎಳೆದುಹಾಕಿದ. ಅದರ ಜಾಗಕ್ಕೆ ಆ ಕೊಳಕು ಬೆಡ್‌ಶೀಟನ್ನು ಕತ್ತರಿಸಿ, ಮೆಟ್ಟಿಲ ಮೇಲೆಯೇ ಕೂತು ಕೈಯಲ್ಲೇ ಹೊಲಿದ. ಕಣ್ಣು ಉರಿಯಿತು. ಅವಳು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ಉಳಿದ ಚೂರನ್ನು ಕೋಟಿನ ಹೊರಮೈಗೂ ಉಜ್ಜಿದರು. ಮಧ್ಯಾಹ್ನದ ಹೊತ್ತಿಗೆ ಅವಳು ಮತ್ತೆ ಒಳಗೆ ಹೋದಳು. ಎರಡು ಮರಿ ತುಂಬ ಹೊತ್ತು ಅನುಮಾನಿಸಿ ಕೊನೆಗೆ ಕುಡಿದವು. ಮೂರನೆಯದಕ್ಕೆ ಎದ್ದು ಬರುವ ಶಕ್ತಿ ಇರಲಿಲ್ಲ. ಮರುದಿನ ಅವನು ಬಂದಾಗ ಅವಳು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದಳು.

ಅವನು ಗುದ್ದಲಿಗೆ ಕೈ ಚಾಚಿದ.

"ಬೇಡ. ನೀವು ಮಾಡಿದ್ದು ಸಾಕು" ಎಂದಳು. ಜೋರು ದನಿಯಲ್ಲಿ ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬೇರೆಯವನಾಗಿದ್ದರೆ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇವನು ಅದರ ಮಾರನೆಯ ದಿನವೂ ಹೋದ, ಅದರ ಆಚೆ ದಿನವೂ ಹೋದ. ಬಲೆ ಹರಿದಲ್ಲಿ ಹೆಣೆದ. ಕಚ್ಚಿ ಕಚ್ಚಿ ಸೀಳಿದ ಬಾಟಲಿ ನಿಪ್ಪಲ್ಲುಗಳನ್ನು ಬದಲಾಯಿಸಲು ಹೊಸದಿರಲಿಲ್ಲ, ಅವಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಕಟ್ಟಿದ. ಅವಳು ನೋಡಿಯೂ ನೋಡದ ಹಾಗೆ ಓಡಾಡಿದಳು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಕರೆ ಬಂತು, ಯಾವುದೋ ಹಸುವಿಗೆ ಹೆರಿಗೆ ಕಷ್ಟವಾಗಿತ್ತು. ಹೊರಟವಳು ಬಾಗಿಲಲ್ಲಿ ನಿಂತಳು, ಹಿಂದೆ ತಿರುಗಿದಳು, ಕೋಟು ಬಿಚ್ಚಿ ಅವನ ಕೈಗೆ ಕೊಟ್ಟಳು.

"ಒಳಗೆ ಒಂದೇ ಒಂದು ಮಾತು ಆಡ್ಬಾರದು. ಮನುಷ್ಯರ ದನಿ ಅಭ್ಯಾಸ ಆದ್ರೆ, ಕಾಡಿಗೆ ಬಿಟ್ಟ ಮೇಲೂ ಮನುಷ್ಯರ ಹತ್ತಿರ ಬರ್ತಾವೆ. ಬಂದವನ್ನ ಯಾರೂ ಮುದ್ದು ಮಾಡಿ ಕಳಿಸಲ್ಲ. ಹೆಸರು ಇಡ್ಬಾರದು. ಮುಖ ತೋರಿಸ್ಬಾರದು. ಹಾಲು ಕುಡಿಸಿ ಆದ್ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬಾಲದ ಕೆಳಗೆ ಒರೆಸ್ಬೇಕು."

"ಬಾಲದ ಕೆಳಗಾ?"

"ತಾಯಿ ನೆಕ್ಕಿದ್ರೇನೇ ಮರಿಗೆ ಉಚ್ಚೆ ಬರೋದು. ನೆಕ್ಕಿ ಅಂತ ಹೇಳ್ತಿಲ್ಲವಲ್ಲ, ಒರೆಸಿ ಅಂದೆ."

ಅವನ ಕಿವಿ ಕೆಂಪಾಯಿತು. ಅವಳ ತುಟಿಯ ಆ ಅಂಚು ಮತ್ತೊಮ್ಮೆ ಸ್ವಲ್ಪ ಅಲುಗಿತು. ಕೋಟು ಇನ್ನೂ ಬೆಚ್ಚಗಿತ್ತು. ಅವಳ ಮೈಯ ಬಿಸಿ ಅದು ಎಂದು ಗೊತ್ತಾಗಿ, ಎರಡನೇ ತೋಳಿಗೆ ಕೈ ಹಾಕುವಾಗ ಅವನು ತಡವರಿಸಿದ.

ಹಾಗೆ ಶುರುವಾಯಿತು. ಬೆಳಗ್ಗೆ, ಸಂಜೆ ಅವಳು. ನಡುವಿನ ಹೊತ್ತು ಅವನು. ಮರಿಗಳಿಗೆ ಇಬ್ಬರ ಮುಖವೂ ಗೊತ್ತಿಲ್ಲ. ಇಬ್ಬರ ಬೆವರೂ ಕೂಡಿ ಕೂಡಿ ಕೋಟಿಗೆ ಒಂದೇ ವಾಸನೆ ಬಂತು, ಮರಿಗಳ ಪಾಲಿಗೆ ಇಬ್ಬರೂ ಒಬ್ಬರೇ ಆದರು. ಒಮ್ಮೊಮ್ಮೆ ಇಬ್ಬರೂ ಶೆಡ್ಡಿನಲ್ಲಿರಬೇಕಾಗುತ್ತಿತ್ತು. ಆಗ ಕೋಟಿಲ್ಲದವರು ಗೋಣಿತಟ್ಟಿನ ಪರದೆಯ ಹಿಂದೆ ನಿಂತು ಬಾಟಲಿ ದಾಟಿಸಬೇಕು. ಮಾತಿಲ್ಲ. ಎರಡು ಬೆರಳು ತೋರಿಸಿದರೆ ಎರಡನೇ ಬಾಟಲಿ, ಅಂಗೈ ಅಲ್ಲಾಡಿಸಿದರೆ ಹಾಲು ತಣ್ಣಗಾಗಿದೆ, ಹುಬ್ಬು ಮೇಲೇರಿದರೆ ನಿಧಾನ. ಹುಬ್ಬಿನಲ್ಲಿ ಇಷ್ಟೆಲ್ಲ ಹೇಳಬಹುದೆಂದು ರೇಡಿಯೋಗೆ ಈ ವಯಸ್ಸಿನವರೆಗೆ ಗೊತ್ತೇ ಇರಲಿಲ್ಲ. ಪರದೆಯ ಸೀಳಿನಲ್ಲಿ ಅವಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಅದು ಅವನನ್ನು ನೋಡಿ ತಟ್ಟನೆ ಬಾಟಲಿಯ ಕಡೆ ತಿರುಗುವುದನ್ನು ಕಾಯುತ್ತ ಅವನು ದಿನ ಕಳೆದ.

ಒಂದು ದಿನ ಕೋಟಿನ ಜೇಬಿನಲ್ಲಿ ಅವಳಿಗೆಂದು ಒಂದು ಪೆಪ್ಪರ್‌ಮಿಂಟ್ ಇಟ್ಟ. ಸಂಜೆ ಸರಿಯಾಗಿ ಬೈಸಿಕೊಂಡ.

"ತಲೆ ಇದೆಯಾ ನಿಮಗೆ? ಮತ್ತೆ ವಾಸನೆ!"

"ತಪ್ಪಾಯ್ತು ಮೇಡಂ. ಬರಿಗೈಯಲ್ಲಿ ಕೋಟು ಕೊಡೋಕೆ ಒಂಥರಾ ಆಗುತ್ತೆ."

"ಹಾಗಾದ್ರೆ ವಾಸನೆ ಇಲ್ಲದ್ದೇನಾದ್ರೂ ಇಡಿ" ಎಂದವಳು, ತಾನು ಆಡಿದ್ದು ತನಗೇ ಕೇಳಿಸಿ, ಬಕೆಟ್ಟು ಎತ್ತಿಕೊಂಡು ಬಿರಬಿರನೆ ಒಳಗೆ ಹೋದಳು.

ಅವನು ರಾತ್ರಿಯಿಡೀ ಯೋಚಿಸಿ ಮರುದಿನ ಒಂದು ಗುಂಡಿ ಇಟ್ಟ. ಅಂಗಿಯ ಸಾಮಾನ್ಯ ಬಿಳಿ ಗುಂಡಿ. ಸಂಜೆ ಅವಳು ಅದನ್ನು ವಾಪಸ್ಸು ಕೊಡಲಿಲ್ಲ, ಅದರ ಬಗ್ಗೆ ಮಾತೂ ಎತ್ತಲಿಲ್ಲ. ಅಲ್ಲಿಂದ ದಿನಕ್ಕೊಂದು ಗುಂಡಿ. ನೀಲಿ, ಮರದ್ದು, ಚಿಪ್ಪಿನದು, ಅಜ್ಜಿಯರ ಸ್ವೆಟರಿನ ದೊಡ್ಡ ಕೆಂಪು ಗುಂಡಿ. ಅಂಗಡಿಯ ಡಬ್ಬಿ ಬರಿದಾಗುತ್ತ ಬಂತು. "ಗುಂಡಿಗಳನ್ನ ಇಲಿ ತಿಂತಾ ಇದೆಯೇನೋ" ಎಂದಳು ಅತ್ತಿಗೆ. "ಆ ಇಲಿ ಮೇಕೆಹಾಲಿನ ವಾಸನೆ ಬೇರೆ ಹೊಡೆಯುತ್ತೆ."

ಆದರೆ ಗುಂಡಿಗಳಿಂದ ಮರಿಗಳ ಹೊಟ್ಟೆ ತುಂಬುವುದಿಲ್ಲವಲ್ಲ. ಹಾಲು ಕೊಡುತ್ತಿದ್ದ ಪಕ್ಕದ ಮನೆಯ ಅಜ್ಜಿಯ ಮೇಕೆಗಳು ಒಂದೊಂದಾಗಿ ಹಾಲು ಬತ್ತಿಸಿದವು. ಹಸುವಿನ ಹಾಲು ಈ ಮರಿಗಳಿಗೆ ಆಗಿಬರುವುದಿಲ್ಲ. ಇದ್ದ ಹಾಲನ್ನೇ ಹಂಚಿ, ಚಿಗುರು ಸೊಪ್ಪು ಹುಡುಕಿ ತಂದು ಹಾಕಿದರೂ ಗಂಡುಮರಿ ಸೊರಗಿತು. ಕರೆಂಟು ಹೋದ ದಿನ ಬಲ್ಬಿನ ಬಿಸಿಯೂ ಇಲ್ಲದೆ ನಡುಗುತ್ತಿತ್ತು. ಒಬ್ಬ ರೈತ ಇನ್ನೊಂದು ಮರಿಯನ್ನು ಬುಟ್ಟಿಯಲ್ಲಿ ತಂದಾಗ ಅವಳು ಬೇಲಿಯ ಹತ್ತಿರವೇ ತಡೆದು, "ಇದಕ್ಕೆ ಹಾಲಿಲ್ಲ. ಎತ್ತಿದ ಜಾಗದಲ್ಲೇ ಈಗಲೇ ಬಿಟ್ಟು ಬನ್ನಿ, ತಾಯಿ ಹುಡುಕ್ತಾ ಇರಬಹುದು" ಎಂದು ವಾಪಸ್ಸು ಕಳಿಸಿದಳು. ಇರಬಹುದು ಅಂದಳು, ಇದೆ ಅನ್ನಲಿಲ್ಲ. ಆ ಸಂಜೆ ಅವಳು ಖಾಲಿ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಅವನು ಪಕ್ಕದಲ್ಲಿ ಕೂತ.

ಕತ್ತಲಾಗುವ ಹೊತ್ತಿಗೆ ಅವಳೇ ಹೇಳಿದಳು. "ಒಬ್ಬರು ನನ್ನ ಮದುವೆ ಆಗ್ತೀನಿ ಅಂದಿದ್ರು. ಶೆಡ್ಡು ಮುಚ್ಚಿದ್ರೆ. ಮೂರು ತಿಂಗಳು ಈ ನಾತ, ಆಮೇಲೆ ಅರ್ಧ ಸಾಯ್ತಾವೆ, ಉಳಿದದ್ದು ಓಡಿಹೋಗ್ತಾವೆ, ನಿನಗೇನು ಉಳಿಯಿತು ಅಂತ ಕೇಳಿದ್ರು."

"ನೀವೇನಂದ್ರಿ?"

"ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ."

ಹುಲ್ಲು ಚಿಗುರಿ, ಮರಿಗಳು ತಾವೇ ಮೇಯತೊಡಗಿದಾಗ ಫಾರೆಸ್ಟ್ ರೇಂಜರ್ ನೋಡಲು ಬಂದ. ಗಟ್ಟಿಮುಟ್ಟಾದ, ನೇರ ಮಾತಿನ ಮನುಷ್ಯ. ಬಿಡುವ ಮೊದಲು ಪ್ರತಿ ವರ್ಷ ಅವನದೊಂದು ಪರೀಕ್ಷೆ. ಅವನು ಬೇಲಿಯೊಳಗೆ ಕಾಲಿಟ್ಟ ಕೂಡಲೇ ಹೆಣ್ಣುಮರಿ ಬಾಲ ಎತ್ತಿ ಆ ತುದಿಗೆ ಹಾರಿತು. ಗಂಡುಮರಿ ನಿಂತು ನೋಡಿತು. ಕೋಟು ತೊಟ್ಟು ಮೂಲೆಯಲ್ಲಿ ನಿಂತಿದ್ದ ಅವಳ ಹತ್ತಿರ ನಡೆದು ಬಂತು. ಮುಂಗಾಲು ಮಡಿಸಿ, ಕೋಟಿನ ಅಂಚಿನ ಮೇಲೆ ಗದ್ದ ಇಟ್ಟು, ಮನೆಯ ಬೆಕ್ಕಿನಂತೆ ಮಲಗಿತು.

ಅವಳು ತಲೆಯೆತ್ತಿ ಬೇಲಿಯ ಹೊರಗೆ ನಿಂತಿದ್ದ ಟೈಲರನನ್ನು ನೋಡಿದಳು. ಅವನು ನೆಲ ನೋಡಿದ. ಆಮೇಲೆ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅದು ನಡುಗುತ್ತಿದ್ದ ದಿನಗಳಲ್ಲಿ ಅವನು ಹಾಲು ಕುಡಿಸಿದ ಮೇಲೂ ಎದ್ದು ಬರದೆ ಕೋಟಿನ ಅಂಚು ಹಾಸಿ ಅದನ್ನು ಮಲಗಿಸಿಕೊಂಡು ಕೂತಿರುತ್ತಿದ್ದ, ಅವಳಿಗೆ ಹೇಳಿರಲಿಲ್ಲ. ಅವಳೂ ಹಾಗೇ ಕೂತಿರುತ್ತಿದ್ದಳು, ಅವನಿಗೆ ಹೇಳಿರಲಿಲ್ಲ.

"ನೀವೂನಾ?" ಎಂದಿತು ಅವಳ ಹುಬ್ಬು.

ರೇಂಜರ್ ಹೊರಗೆ ಬಂದು ಟೋಪಿ ತೆಗೆದು ತಲೆ ಕೆರೆದುಕೊಂಡ. "ನರ್ಸಮ್ಮಾ, ನಿಮಗೆ ನಾನು ಹೇಳ್ಬೇಕಾ? ಹೆಣ್ಣಾಗಿದ್ರೆ ನೋಡ್ಬಹುದಿತ್ತು. ಗಂಡು, ನಾಳೆ ಕೊಂಬು ಬರುತ್ತೆ. ಮನುಷ್ಯರ ಭಯ ಇಲ್ಲದ ಗಂಡುಜಿಂಕೆ ಊರೊಳಗೆ ಬಂದ್ರೆ, ಅದು ಯಾರನ್ನಾದ್ರೂ ತಿವಿಯುತ್ತೆ, ಇಲ್ಲಾ ಯಾರಾದ್ರೂ ಅದನ್ನ ಕಡೀತಾರೆ. ಝೂನಲ್ಲಿ ಜಾಗ ಇಲ್ಲ, ಕೇಳಿ ಆಗಿದೆ. ಮುಂದಿನ ವಾರ ಗಾಡಿ ತರ್ತೀನಿ. ಆಗಲೂ ಹೀಗೇ ಬಂದು ಮಲಗಿದ್ರೆ, ಅದು ಕಣ್ಣು ಮುಚ್ಚೋ ಸೂಜಿ ನೀವೇ ಹಾಕ್ಬೇಕಾಗುತ್ತೆ."

ರೇಂಜರ್ ಹೋದ ಮೇಲೆ ಅವಳು ಗೋಡೆಗೆ ಒರಗಿದಳು. "ಇದಕ್ಕೆ ಒಂದೇ ದಾರಿ. ಈ ಕೋಟು ಹಾಕ್ಕೊಂಡೇ ಅದನ್ನ ಹೊಡೆದು ಓಡಿಸ್ಬೇಕು. ತಾಯಿ ಅಂದುಕೊಂಡದ್ದೇ ಕೊಲ್ಲೋಕೆ ಬರುತ್ತೆ ಅಂತ ಅದಕ್ಕೆ ಅನ್ನಿಸ್ಬೇಕು. ಹಿಂದೆ ಒಂದು ಸಲ ಮಾಡಿದ್ದೆ. ಆಮೇಲೆ ಎಷ್ಟೋ ದಿನ ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ." ಅವಳು ಕೋಟಿನ ಟೋಪಿಯನ್ನು ಹಿಂದಕ್ಕೆ ತಳ್ಳಿದಳು. "ಈ ಸಲ ನನ್ನ ಕೈಯಲ್ಲಿ ಆಗಲ್ಲ ರೀ. ಆಗಲ್ಲ."

"ಕೋಟು ಕೊಡಿ."

"ನೀವಾ? ಅದನ್ನ ತೊಡೆ ಮೇಲೆ ಮಲಗಿಸಿಕೊಂಡೋರು ನೀವು."

"ಅದಕ್ಕೆ ನಾವಿಬ್ಬರೂ ಒಂದೇ ಅಲ್ವಾ? ನಾನು ಹೊಡೆದ್ರೆ ನೀವು ಹೊಡೆದ ಹಾಗೇ. ಒಬ್ಬರು ಹೊಡೆದ್ರೆ ಸಾಕು, ಇಬ್ಬರ ಕೈಗೂ ಯಾಕೆ ಆ ಪಾಪ."

ಮರುದಿನ ಅವನು ಕೋಟು ತೊಟ್ಟು, ಎಣ್ಣೆಡಬ್ಬವೊಂದನ್ನು, ಒಂದು ಕೋಲನ್ನು ಹಿಡಿದು ಬೇಲಿಯೊಳಗೆ ಹೋದ. ಗಂಡುಮರಿ ಕಿವಿ ನಿಮಿರಿಸಿ ಕುಣಿಯುತ್ತ ಬಂತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ. ಆ ಮರಿಯ ಕಿವಿಯ ಹಿಂದಿನ ಮೆತ್ತನೆಯ ಕೂದಲನ್ನು ಸವರುತ್ತ ಅವನು ಹೇಳಬೇಕೆಂದುಕೊಂಡದ್ದು ಒಂದೆರಡಲ್ಲ. ಅದು ಅವನ ದನಿಯನ್ನು ಕೇಳಿದ್ದು ಅದೇ ಮೊದಲು.

"ಹೋಗೋ! ಹಾಳಾಗಿ ಹೋಗು! ತೊಲಗು ಇಲ್ಲಿಂದ!"

ಡಬ್ಬ ಬಡಿದ. ಮರಿ ಬೆಚ್ಚಿ ನಾಲ್ಕು ಹೆಜ್ಜೆ ಹಾರಿ ನಿಂತಿತು. ಮೂಗು ಅರಳಿಸಿತು. ವಾಸನೆ ಅದೇ! ಮತ್ತೆ ಬಂತು. ಕೋಲಿನಿಂದ ನೆಲಕ್ಕೆ ಹೊಡೆದ, ಮತ್ತೆ ಬಂತು, ಈ ಸಲ ತಲೆ ತಗ್ಗಿಸಿ, ತಾನೇ ಏನೋ ತಪ್ಪು ಮಾಡಿದ ಹಾಗೆ. ಅವನು ಅಳುತ್ತಿದ್ದ. ಅಳುತ್ತಲೇ ಮಣ್ಣಿನ ಹೆಂಟೆ ಎತ್ತಿ ಬೀಸಿ ಹೊಡೆದ. ಹೆಂಟೆ ಮರಿಯ ಪಕ್ಕೆಗೆ ತಾಗಿ ಒಡೆಯಿತು. ಅದರ ಬಾಯಿಂದ ಒಂದು ಕೂಗು ಬಂತು, ಮೇಕೆಮರಿಯಂಥದ್ದು, ಅದು ಕೂಗಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. ಓಡಿಹೋಗಿ ಹೆಣ್ಣುಮರಿಯ ಹಿಂದೆ ಅಡಗಿತು. ಬೇಲಿಯ ಹೊರಗೆ ಅವಳು ಕಿವಿ ಮುಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಪ್ರತಿದಿನವೂ ಹಾಗೇ. ವಾರದ ಕೊನೆಗೆ ಕೋಟು ಕಂಡರೆ ಸಾಕು, ಮರಿ ಕಾಲು ಅಪ್ಪಳಿಸಿ, ಬಾಲ ಎತ್ತಿ, ಬೇಲಿಯ ಆ ತುದಿಗೆ ಹಾರುತ್ತಿತ್ತು. ಆ ವಾರ ಅಂಗಡಿಯಲ್ಲಿ ರೇಡಿಯೋ ಮಾತಾಡಲಿಲ್ಲ. ಗಿರಾಕಿಗಳು ಜ್ವರವೇ ಎಂದು ಕೇಳಿದರು. ಅತ್ತಿಗೆ ಕೂಡ ತಮಾಷೆ ಬಿಟ್ಟು, ತಟ್ಟೆಗೆ ಬಡಿಸಿ, ಅವನು ತಿನ್ನುವವರೆಗೆ ಎದುರಿಗೇ ಕೂತಳು. ಜೇಬಿನಲ್ಲಿ ಗುಂಡಿ ಇಡುವುದನ್ನೂ ಅವನು ನಿಲ್ಲಿಸಿದ್ದ. ಹೆಂಟೆ ಎಸೆದ ಕೈಯಲ್ಲಿ ಗುಂಡಿ ಇಡುವುದು ಹೇಗೆ?

ಬಿಡುವ ದಿನ ಮೋಡ ಕವಿದಿತ್ತು. ರೇಂಜರನ ಗಾಡಿ ಕಾಡಂಚಿನ ಹುಲ್ಲುಗಾವಲಿನಲ್ಲಿ ನಿಂತಿತು. ಪೆಟ್ಟಿಗೆಯ ಬಾಗಿಲು ಎತ್ತಿದ್ದೇ ತಡ ಹೆಣ್ಣುಮರಿ ಬಾಣದಂತೆ ಹೋಯಿತು. ಗಂಡು ಹೊರಗೆ ಬಂದು ಹುಲ್ಲಿನ ನಡುವೆ ನಿಂತು ಹಿಂದಕ್ಕೆ ತಿರುಗಿ ನೋಡಿತು. ಕೋಟು ತೊಟ್ಟು ನಿಂತಿದ್ದವನ ಜೀವ ಬಾಯಿಗೆ ಬಂತು. ಬರಬೇಡ, ಬರಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮನಸ್ಸಿನ ಯಾವುದೋ ಒಂದು ಮೂಲೆ, ಒಂದೇ ಒಂದು ಸಲ ಬಂದುಬಿಡು ಎಂದಿತು. ಗಾಳಿ ಅವನ ಕಡೆಯಿಂದ ಮರಿಯ ಕಡೆಗೆ ಬೀಸಿತು. ಮರಿಯ ಮೂಗು ಅರಳಿತು. ಕೋಟಿನ ವಾಸನೆ ಸಿಕ್ಕಿದ್ದೇ ಕಾಲು ಅಪ್ಪಳಿಸಿ, ಕೂಗಿ, ಪೊದೆಗಳೊಳಗೆ ನುಗ್ಗಿ ಮಾಯವಾಯಿತು.

"ಪಾಸು" ಎಂದ ರೇಂಜರ್. ಯಾರೂ ನಗಲಿಲ್ಲ.

ಬದುಕುತ್ತದೋ, ನಾಯಿಗೋ ಚಿರತೆಗೋ ಸಿಗುತ್ತದೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟು ಹತ್ತಿರ ಅದು ಮತ್ತೆ ಬರಲೇಬಾರದು.

ಮನೆಗೆ ಬಂದ ಮೇಲೆ ಖಾಲಿ ಶೆಡ್ಡಿನ ಮುಂದೆ ಅವನು ಕೋಟು ಬಿಚ್ಚಿದ. ಅವಳು ಹಿಂಬಾಗಿಲ ಮೆಟ್ಟಿಲ ಪಕ್ಕದ ಒಗೆಯುವ ಕಲ್ಲಿನ ಹತ್ತಿರ ಬಕೆಟ್ಟು ತುಂಬಿಸಿದಳು.

"ಈಗ ಒಗೀಬಹುದು. ನಿಮಗೆ ಅಭ್ಯಾಸ ಇದೆಯಲ್ಲ" ಎಂದಳು. ಕುಹಕವೋ ಸಲಿಗೆಯೋ ಅವನಿಗೆ ಗೊತ್ತಾಗಲಿಲ್ಲ. ಅವನು ಕೋಟನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದ.

"ಒಂದು ಕೇಳ್ಲಾ?" ಎಂದಳು ಅವಳು. "ಅವತ್ತು ಯಾಕೆ ಒಗೆದ್ರಿ? ಯಾವ ಟೈಲರೂ ಒಗೆದು ಕೊಡಲ್ಲ."

ಇಷ್ಟು ತಿಂಗಳು ಅವನು ಹೆದರಿಕೊಂಡಿದ್ದ ಪ್ರಶ್ನೆ. "ನೀವು ನಮ್ಮ ಬಾಗಿಲಿಗೆ ಒರಗಿಕೊಂಡು ನಿಂತಲ್ಲೇ ನಿದ್ದೆ ಮಾಡಿಬಿಟ್ರಿ. ಅದನ್ನ ನೋಡಿ ನನಗೆ ಏನೋ ಆಗಿಹೋಯ್ತು. ನಿಮಗೆ ಇಷ್ಟ ಆಗಲಿ ಅಂತ ಒಗೆದೆ. ನಿಮ್ಮ ಮೇಲಿನ ಆಸೆಗೇ ಆ ಮರಿ ಸತ್ತದ್ದು. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಯಾವ ಮುಖ ಇಟ್ಕೊಂಡು ಹೇಳಲಿ?"

ಅವಳು ಹಿತ್ತಲ ಮೂಲೆಯ, ಈಗ ಹುಲ್ಲು ಬೆಳೆದ ಆ ಜಾಗವನ್ನು ನೋಡಿದಳು. "ಹೌದು, ನಿಮ್ಮಿಂದಲೇ ಸತ್ತದ್ದು. ಒಗೀಬೇಡಿ ಅಂತ ನಾನು ಒಂದು ಮಾತು ಹೇಳಿದ್ರೆ ಬದುಕ್ತಿತ್ತು. ನನ್ನಿಂದಲೂ ಸತ್ತದ್ದು. ಅದನ್ನ ನಾನು ಮರೆಯಲ್ಲ. ನೀವೂ ಮರೀಬೇಡಿ." ಮತ್ತೆ ಅವನ ಕಡೆ ತಿರುಗಿ, ಹೆಗಲ ಮೇಲಿದ್ದ ಶಾಲು ತೆಗೆದಿಟ್ಟಳು.

ಶಾಲಿನ ಕೆಳಗೆ ಒಂದು ಬೂದು ಸ್ವೆಟರ್. ಕುತ್ತಿಗೆಯಿಂದ ಕೆಳಗಿನವರೆಗೆ, ತೋಳಿನ ಅಂಚಿನವರೆಗೆ, ಜಾಗವಿದ್ದಲ್ಲೆಲ್ಲ ಗುಂಡಿಗಳು. ನೀಲಿ, ಮರದ್ದು, ಚಿಪ್ಪಿನದು, ಆ ದೊಡ್ಡ ಕೆಂಪು ಗುಂಡಿ. ಒಂದೂ ನೆಟ್ಟಗಿರಲಿಲ್ಲ, ದಾರ ಎಲ್ಲೆಲ್ಲೂ ಜೋತಾಡುತ್ತಿತ್ತು.

ಅವನು ನೋಡಿದ. "ಇಷ್ಟು ಕೆಟ್ಟದಾಗಿ ಗುಂಡಿ ಹಾಕೋರನ್ನ ನನ್ನ ಜನ್ಮದಲ್ಲೇ ನೋಡಿಲ್ಲ" ಎಂದ.

"ಒಂದು ವಾರದಿಂದ ಗುಂಡಿ ಬರ್ಲಿಲ್ಲ. ಕೊನೇ ಸಾಲು ಅರ್ಧಕ್ಕೇ ನಿಂತಿದೆ" ಎಂದಳು ಅವಳು. ಈ ಸಲ ತುಟಿಯ ಎರಡೂ ಅಂಚು ನಕ್ಕವು, ಕಣ್ಣು ಮಾತ್ರ ತುಂಬಿ ಹರಿಯಿತು.

ಇಬ್ಬರೂ ಸೇರಿ ಕೋಟು ಒಗೆದರು. ಅವನು ಆ ಹಳೇ ಬೆಡ್‌ಶೀಟಿನ ಅಸ್ತರನ್ನು ಬಿಚ್ಚಿದ, ಅವಳು ಅದನ್ನು ಮಡಿಸಿ ಹುಲ್ಲು ಬೆಳೆದ ಮೂಲೆಯಲ್ಲಿ ಹೂತು ಬಂದಳು. ಸೋಪಿನ ನೀರು ಮೊದಲು ಕಂದಾಗಿ, ಆಮೇಲೆ ಮಸುಕಾಗಿ, ಕೊನೆಗೆ ತಿಳಿಯಾಗಿ ಹರಿಯಿತು. ಹಾಲು, ಹುಲ್ಲು, ಬೆವರು, ಮರಿಗಳು, ಎಲ್ಲವೂ ಚರಂಡಿಯ ದಾರಿ ಹಿಡಿದವು. ಹಗ್ಗದ ಮೇಲೆ ತೂಗುಹಾಕಿದ ಕೋಟನ್ನು ಅವಳು ಮೂಸಿ ನೋಡಿ, ಏನೂ ಇಲ್ಲ ಎಂಬಂತೆ ತಲೆಯಾಡಿಸಿದಳು.

ಆಮೇಲೆ ಅವನ ಹತ್ತಿರ ಬಂದು, ಅವನ ಒದ್ದೆ ಅಂಗಿಯ ಹೆಗಲಿಗೆ ಮುಖ ಒತ್ತಿ, ತುಂಬ ಹೊತ್ತು ಹಾಗೇ ನಿಂತಳು.

"ಇಲ್ಲಿ ಇನ್ನೂ ಇದೆ" ಎಂದಳು.

"ಏನು?"

"ವಾಸನೆ. ಈ ಅಂಗಿಯನ್ನ ಮಾತ್ರ ಒಗೀಬೇಡ."

ಮನೆಗೆ ಹೋದಾಗ ಅತ್ತಿಗೆ ಮೂಗು ಮುಚ್ಚಿಕೊಂಡು, "ಬಿಚ್ಚಪ್ಪಾ ಅದನ್ನ, ನೆನೆಹಾಕ್ತೀನಿ" ಎಂದಳು. ರೇಡಿಯೋ ಒಂದೂ ಮಾತಾಡದೆ ಅಂಗಿಯ ಮೇಲೆ ಎರಡೂ ಕೈ ಕಟ್ಟಿಕೊಂಡು ಮಹಡಿ ಹತ್ತಿದ.